ಘಟ್ಟದ ಮೇಲಿನ ತೇವ ಅಳೆದ ಮಳೆಗಾಲ

2016ರ ಮಳೆಗಾಲ ಹುಬ್ಬಳ್ಳಿ-ಧಾರವಾಡದವರಿಗೆ ಎರಡು ಕಾರಣಕ್ಕೆ ನೆನಪಿದೆ. ಪಿ.ಬಿ. ರಸ್ತೆಯ ಬೇಲೂರು ಕೈಗಾರಿಕಾ ಪ್ರದೇಶದಲ್ಲಿರುವ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ, ಎಲ್ಲರ ಬಾಯಲ್ಲಿ ವಾಲ್ಮಿ, ತನ್ನ ಆವರಣದಲ್ಲಿ ಜಾಗ ಮಾಡಿಕೊಟ್ಟಿತು. ಧಾರವಾಡದ ಐಐಟಿ ಅಲ್ಲಿ ಪಾಠ ಶುರುಮಾಡಿತು. ಅದೇ ವರ್ಷದ ಜುಲೈ 27ರಂದು ಮಹದಾಯಿ ನ್ಯಾಯಮಂಡಳಿ 7.56 ಟಿಎಂಸಿ ಅಡಿ ನೀರಿಗಾಗಿ ಕರ್ನಾಟಕ ಸಲ್ಲಿಸಿದ್ದ ಮಧ್ಯಂತರ ಅರ್ಜಿಯನ್ನು ತಳ್ಳಿಹಾಕಿತು. ನವಲಗುಂದ, ನರಗುಂದ, ಹುಬ್ಬಳ್ಳಿಯ ರೈತರು ಬೀದಿಗಿಳಿದರು. ಇವೆರಡರ ಜೊತೆಗೆ ನಡೆದ ಮೂರನೆಯ ಸಂಗತಿಯೊಂದಿದೆ, ಅದನ್ನು ಬಲ್ಲವರು ಕಡಿಮೆ. ಆ ಜೂನ್ ಮತ್ತು ಜುಲೈನಲ್ಲಿ ಬ್ರಿಟನ್ನಿನ ಒಂದು ಸಂಶೋಧನಾ ವಿಮಾನ ಬೆಂಗಳೂರಿನಿಂದ ಹಾರಿ, ಪಶ್ಚಿಮ ಘಟ್ಟ ದಾಟಿ, ಅರಬ್ಬಿ ಸಮುದ್ರದ ಮೇಲಿನ ಗಾಳಿಯ ತೇವವನ್ನು ಅವಕೆಂಪು ಲೇಸರ್ ಮುಂತಾದ ಉಪಕರಣಗಳಿಂದ ಅಳೆಯುತ್ತಿತ್ತು. ಅದೇ ಯೋಜನೆಯ ಒಂದು ಮಾಪನ ಕೇಂದ್ರ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಹೊಲದಲ್ಲಿ ನಿಂತಿತ್ತು. ಬೇಲೂರಿನ ಈ ಪ್ರದೇಶದ ಸಂಸ್ಥೆಗಳ ಹತ್ತು ವರ್ಷವನ್ನು ನೆನೆಯುವ ಸಂಚಿಕೆಯಲ್ಲಿ ಈ ಮೂರನೆಯ ಸಂಗತಿಗೂ ಜಾಗ ಸಿಗಬೇಕು ಎಂಬುದು ನನ್ನ ವಾದ. ವಾದದ ತಿರುಳು ಇಷ್ಟು: ವಿಮಾನದಿಂದ ವಾತಾವರಣವನ್ನು ಅಳೆಯುವ ವಿದ್ಯೆಯಲ್ಲಿ ನಮಗೆ ಉಪಕರಣದ ಕೊರತೆಯೂ ಇರಲಿಲ್ಲ, ಬುದ್ಧಿಯ ಕೊರತೆಯೂ ಇರಲಿಲ್ಲ, ಅಳತೆಯನ್ನು ವರ್ಷದಿಂದ ವರ್ಷಕ್ಕೆ ಹೊತ್ತೊಯ್ಯುವ ಸಂಸ್ಥೆಯ ಕೊರತೆ ಇತ್ತು, ಇನ್ನೂ ಇದೆ. ಆ ಕೊರತೆ ತುಂಬಲು ಬೇಕಾದ ಬಹುಪಾಲು ಈ ರಸ್ತೆಯ ಮಗ್ಗುಲಲ್ಲೇ ಇದೆ.

ತೇವವನ್ನೇ ಯಾಕೆ ಅಳೆಯಬೇಕು ಎಂಬುದಕ್ಕೆ ಒಂದು ಮೋಟು ಲೆಕ್ಕ ಸಾಕು. ಮುಂಗಾರು ಜೋರಾಗಿರುವಾಗ ಕರಾವಳಿಯ ಮೇಲಿನ ಗಾಳಿಯ ಕಂಬದಲ್ಲಿರುವ ನೀರಾವಿಯನ್ನೆಲ್ಲ ಹಿಂಡಿ ನೆಲಕ್ಕೆ ಸುರಿದರೆ ಸುಮಾರು 50 ಮಿ.ಮೀ. ನೀರಾಗುತ್ತದೆ. ಆ ಗಾಳಿ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಒಳನಾಡಿಗೆ ನುಗ್ಗುತ್ತಿದೆ ಎಂದಿಟ್ಟುಕೊಳ್ಳೋಣ. ಕರಾವಳಿಯ 100 ಕಿ.ಮೀ. ಅಗಲದ ಒಂದು ಪಟ್ಟಿಯನ್ನು ಸೆಕೆಂಡಿಗೆ 50,000 ಘನ ಮೀಟರ್ ನೀರು ಆವಿಯ ರೂಪದಲ್ಲಿ ದಾಟುತ್ತದೆ; ದಿನಕ್ಕೆ 432 ಕೋಟಿ ಘನ ಮೀಟರ್, ಅಂದರೆ 150 ಟಿಎಂಸಿ ಅಡಿಗಿಂತ ತುಸು ಹೆಚ್ಚು. ಇದರಲ್ಲಿ ಎಷ್ಟು ಸಮುದ್ರದ ಮೇಲೇ ಸುರಿಯುತ್ತದೆ, ಎಷ್ಟು ಘಟ್ಟದ ಮೇಲೆ ಬಿದ್ದು ಮಹದಾಯಿಯೋ ಕಾಳಿಯೋ ಮಲಪ್ರಭೆಯೋ ಆಗುತ್ತದೆ, ಎಷ್ಟು ಘಟ್ಟ ದಾಟಿ ಅಳ್ನಾವರ, ಧಾರವಾಡ, ಗದಗಗಳ ಮೇಲೆ ಮೋಡವಾಗಿಯೇ ಹಾದುಹೋಗುತ್ತದೆ ಎಂಬುದೇ ನಮ್ಮ ಹೊಲಗಳ ಹಣೆಬರಹ. ಈ ಲೆಕ್ಕದಲ್ಲಿ ತೇವದ ಅಂದಾಜು ಒಂದೇ ದಿಕ್ಕಿಗೆ ನೂರಕ್ಕೆ ಐದರಷ್ಟು ತಪ್ಪಿದರೆ, ಒಂದೇ ದಿನದ ತಪ್ಪು ಏಳೂವರೆ ಟಿಎಂಸಿ ಅಡಿಯನ್ನು ಮುಟ್ಟುತ್ತದೆ. ಯಾವ ನೀರಿಗಾಗಿ ಜನ ವರ್ಷಗಟ್ಟಲೆ ಹೋರಾಡಿದರೋ ಹೆಚ್ಚುಕಡಿಮೆ ಅಷ್ಟೇ ನೀರು. ಆವಿಯನ್ನು ಕಾಲುವೆಗೆ ತಿರುಗಿಸಲಾಗದು, ನಿಜ. ಆದರೆ ಮುನ್ಸೂಚನೆಯ ಗಣಕ ಮಾದರಿಗೆ ಇಷ್ಟು ದೊಡ್ಡ ಹರಿವಿನ ಬಗ್ಗೆ ಇಷ್ಟು ದೊಡ್ಡ ಅನುಮಾನವಿದ್ದರೆ, ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರುವ ಮಳೆ ಧಾರವಾಡಕ್ಕೆ ಬರುವಷ್ಟರಲ್ಲಿ 800ರ ಆಸುಪಾಸಿಗೆ ಹೇಗೆ ಇಳಿಯುತ್ತದೆ, ಯಾವ ವಾರ ಇಳಿಯುತ್ತದೆ ಎಂದು ಅದು ಹೇಳುವುದನ್ನು ನೆಚ್ಚಿ ಹೆಸರು ಬಿತ್ತುವುದು ಹೇಗೆ?

ಗಾಳಿಯ ತೇವವನ್ನು ವಿಮಾನದಲ್ಲಿ ಅಳೆಯುವ ಹಳೆಯ ವಿಧಾನ ತಣ್ಣನೆಯ ಕನ್ನಡಿಯದು. ಒಂದು ಪುಟ್ಟ ಕನ್ನಡಿಯನ್ನು ಅದರ ಮೇಲೆ ಇಬ್ಬನಿ ಕಟ್ಟುವವರೆಗೆ ತಣಿಸುವುದು, ಕಟ್ಟಿದ ಕ್ಷಣದ ಉಷ್ಣಾಂಶವನ್ನು ಓದುವುದು. ಸಿದ್ಧಾಂತ ನಂಬಿಕಸ್ಥ, ಆದರೆ ಕನ್ನಡಿ ನಿಧಾನ. ಅಳತೆಗೆಂದು ಹಾರುವ ವಿಮಾನ ಸೆಕೆಂಡಿಗೆ ಸುಮಾರು 100 ಮೀಟರ್ ಸಾಗುತ್ತದೆ. ಕನ್ನಡಿ ಹತ್ತು ಸೆಕೆಂಡು ತಡಮಾಡಿದರೆ ಒಂದು ಕಿಲೋಮೀಟರ್ ಆಕಾಶ ಕೈತಪ್ಪಿದಂತೆ. ಮೋಡದಿಂದ ಒಣಗಾಳಿಗೆ ಹಾಯುವ ಅಂಚು ಎಷ್ಟೋ ಸಲ ಅದಕ್ಕಿಂತ ಕಿರಿದು. ಲೇಸರ್ ಮಾಪಕದ ಕೆಲಸದ ಬಗೆ ಬೇರೆ. ವಿಮಾನದ ಮೈಯಲ್ಲಿರುವ ಸಣ್ಣ ಬಾಯಿಂದ ಗಾಳಿ ಒಳಬಂದು ಮೊಳಕ್ಕಿಂತ ಚಿಕ್ಕದಾದ ಲೋಹದ ಕೊಳವೆಯೊಳಗೆ ಹಾಯುತ್ತದೆ. ಕೊಳವೆಯ ಒಂದು ತುದಿಯಲ್ಲಿ ಲೇಸರ್ ಡಯೋಡು ಮತ್ತು ಬೆಳಕಳೆಯುವ ಕಣ್ಣು, ಇನ್ನೊಂದು ತುದಿಯಲ್ಲಿ ಕನ್ನಡಿ. ಹೊರಡುವ ಬೆಳಕಿನ ತರಂಗಾಂತರ 1.37 ಮೈಕ್ರಾನಿನ ಹತ್ತಿರ. ನಮ್ಮ ಕಣ್ಣಿಗೆ ಕಾಣದ ಅವಕೆಂಪು. ನೀರಿನ ಅಣು ತನ್ನ ಕಂಪನಕ್ಕೆ ಹೊಂದುವ ಕೆಲವೇ ಗೆರೆಯಷ್ಟು ತೆಳುವಾದ ತರಂಗಾಂತರಗಳಲ್ಲಿ ಮಾತ್ರ ಈ ಬೆಳಕನ್ನು ಹೀರುತ್ತದೆ. ಧಾರವಾಡ ಆಕಾಶವಾಣಿ ಹಿಡಿಯಲು ರೇಡಿಯೋದ ಮುಳ್ಳನ್ನು ಅತ್ತಿತ್ತ ಸರಿಸುವಂತೆ, ಡಯೋಡಿಗೆ ಹರಿಸುವ ವಿದ್ಯುತ್ತನ್ನು ಕೊಂಚ ಏರಿಸಿ ಇಳಿಸಿ ಬೆಳಕನ್ನು ಆ ಗೆರೆಯ ಮೇಲೆ ಮತ್ತೆ ಮತ್ತೆ ಓಡಾಡಿಸುತ್ತಾರೆ. ಗೆರೆ ದಾಟುವಾಗ ಮರಳಿದ ಬೆಳಕಿನಲ್ಲಿ ಒಂದು ತಗ್ಗು ಮೂಡುತ್ತದೆ. ತಗ್ಗು ಆಳವಾದಷ್ಟೂ ಗಾಳಿಯಲ್ಲಿ ನೀರು ಹೆಚ್ಚು. ಸಾಮಾನ್ಯ ಅವಕೆಂಪು ದೀಪದ ಬೆಳಕು ಹರವಾದದ್ದು, ಹಲವು ಅನಿಲಗಳ ಗೆರೆಗಳನ್ನು ಒಟ್ಟಿಗೇ ತುಳಿಯುತ್ತದೆ. ಲೇಸರ್ ಒಂದೇ ಗೆರೆಯನ್ನು ಹಿಡಿದು ಒಂದೇ ಅಣುವನ್ನು ಎಣಿಸುತ್ತದೆ. ಗೆರೆ ಬದಲಿಸಿದರೆ ಅನಿಲ ಬದಲಾಗುತ್ತದೆ: 1.65 ಮೈಕ್ರಾನಿನ ಬಳಿ ಮೀಥೇನ್, 1.6ರ ಬಳಿ ಇಂಗಾಲದ ಡೈಆಕ್ಸೈಡ್.

ಈ ವಿದ್ಯೆಯ ಹಿಂದಿನ ದಾರಿಯಲ್ಲಿ ನಮ್ಮ ಕಡೆಯವರದೂ ಹೆಜ್ಜೆ ಇದೆ. ಬಾರಾಮತಿಯಲ್ಲಿ ಹುಟ್ಟಿ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ ಸಿ. ಕುಮಾರ್ ಪಟೇಲ್ 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇಂಗಾಲದ ಡೈಆಕ್ಸೈಡ್ ಲೇಸರನ್ನು ರೂಪಿಸಿದರು. 10.6 ಮೈಕ್ರಾನಿನ ಆ ಅವಕೆಂಪು ಲೇಸರ್ ಮುಂದೆ ಜಗತ್ತಿನ ಕಾರ್ಖಾನೆಗಳಲ್ಲಿ ತಗಡು ಕತ್ತರಿಸುವ ಕೆಲಸಕ್ಕೆ ನಿಂತಿತು. ಅವರೇ 1970ರ ದಶಕದ ಮೊದಲಲ್ಲಿ ಇನ್ನೊಂದು ಬಗೆಯ ಅವಕೆಂಪು ಲೇಸರನ್ನು ಬಲೂನಿನಲ್ಲಿ ಮೇಲಕ್ಕೆ ಕಳಿಸಿ ಸ್ತರಗೋಳದ ನೈಟ್ರಿಕ್ ಆಕ್ಸೈಡನ್ನು ಅಳೆದರು. ಸೀಸದ ಲವಣಗಳಿಂದ ಮಾಡಿದ ಆರಂಭದ ಡಯೋಡುಗಳನ್ನು ದ್ರವ ಸಾರಜನಕದಷ್ಟು ತಣ್ಣಗಿಡಬೇಕಿತ್ತು. ಅವು ಪ್ರಯೋಗಾಲಯ ಬಿಟ್ಟು ವಿಮಾನ ಹತ್ತಿದ್ದೇ ಸಾಹಸ. ದೂರವಾಣಿ ಕಂಪನಿಗಳು ಗಾಜಿನ ಎಳೆಯಲ್ಲಿ ಮಾತು ಸಾಗಿಸಲು 1.3ರಿಂದ 1.55 ಮೈಕ್ರಾನಿನ ಡಯೋಡುಗಳನ್ನು ರಾಶಿರಾಶಿಯಾಗಿ ತಯಾರಿಸತೊಡಗಿದ ಮೇಲೆ ಕೋಣೆಯ ಉಷ್ಣಾಂಶದಲ್ಲೇ ವರ್ಷಗಟ್ಟಲೆ ಬಾಳುವ, ಕೈಗೆಟುಕುವ ಬೆಲೆಯ ಲೇಸರ್ ಬಂದಿತು. ನೀರಿನ ಗೆರೆ ಅದೇ ಪಟ್ಟಿಯೊಳಗೆ ಸಿಕ್ಕಿದ್ದು ಹವಾಮಾನ ವಿಜ್ಞಾನದ ಭಾಗ್ಯ.

ಉಪಕರಣದ ಬೆಲೆಯನ್ನು ಅದು ಬಗೆಹರಿಸಿದ ಜಗಳದಿಂದ ತೂಗಬೇಕು. 1987ರ ಆಗಸ್ಟ್-ಸೆಪ್ಟೆಂಬರಿನಲ್ಲಿ ಅಂಟಾರ್ಕ್ಟಿಕದ ಓಝೋನ್ ರಂಧ್ರದ ಬಗ್ಗೆ ಎರಡು ವಿವರಣೆಗಳು ಎದುರುಬದುರಾಗಿದ್ದವು. ಕೆಳಗಿನ ಓಝೋನ್ ಕಡಿಮೆ ಇರುವ ಗಾಳಿ ಮೇಲಕ್ಕೇರಿ ರಂಧ್ರದಂತೆ ಕಾಣುತ್ತಿದೆ, ಯಾರದೂ ತಪ್ಪಲ್ಲ ಎಂಬುದು ಒಂದು. ಮನುಷ್ಯ ಬಿಟ್ಟ ಕ್ಲೋರಿನ್ನು ಅಲ್ಲಿ ಓಝೋನನ್ನು ತಿನ್ನುತ್ತಿದೆ ಎಂಬುದು ಇನ್ನೊಂದು. ಚಿಲಿಯ ಪುಂಟಾ ಅರೆನಾಸ್‌ನಿಂದ ನಾಸಾದ ಇಆರ್-2 ವಿಮಾನ ಹದಿನೆಂಟು ಕಿಲೋಮೀಟರಿಗೂ ಎತ್ತರದಲ್ಲಿ ಆ ರಂಧ್ರದೊಳಗೇ ಹಾರಿತು. ಅದರಲ್ಲಿದ್ದ ಅವಕೆಂಪು ಡಯೋಡು ಲೇಸರ್ ಮಾಪಕ ನೈಟ್ರಸ್ ಆಕ್ಸೈಡನ್ನು ಎಣಿಸುತ್ತಿತ್ತು. ಈ ಅನಿಲ ನೆಲದ ಹತ್ತಿರ ಹೆಚ್ಚು, ಮೇಲೆ ಹೋದಂತೆ ಸವೆಯುತ್ತದೆ. ಹಾಗಾಗಿ ಗಾಳಿ ಎಲ್ಲಿಂದ ಬಂದದ್ದು ಎಂಬುದಕ್ಕೆ ಅದೇ ಗುರುತು. ಗಾಳಿ ಕೆಳಗಿನಿಂದ ಏರಿದ್ದರೆ ಒಳಗೆ ನೈಟ್ರಸ್ ಆಕ್ಸೈಡ್ ಹೆಚ್ಚಿರಬೇಕಿತ್ತು. ಸಿಕ್ಕಿದ್ದು ಕಡಿಮೆ. ಗಾಳಿ ಮೇಲಿನಿಂದ ಇಳಿದದ್ದು ಎಂದಾಯಿತು, ಮೊದಲ ವಿವರಣೆ ಬಿದ್ದುಹೋಯಿತು. ಅದೇ ಹಾರಾಟಗಳಲ್ಲಿ ಬೇರೆ ಉಪಕರಣ ಹಿಡಿದ ಕ್ಲೋರಿನ್ ಮೊನಾಕ್ಸೈಡ್ ಎರಡನೆಯ ವಿವರಣೆಯನ್ನು ಗಟ್ಟಿ ಮಾಡಿತು. ನೆಲದಿಂದ ನೋಡಿ, ಉಪಗ್ರಹದಿಂದ ನೋಡಿ ಮುಗಿಯದ ವಾದವನ್ನು ಒಳಹೊಕ್ಕು ಅಳೆದ ವಿಮಾನ ಕೆಲವೇ ವಾರಗಳಲ್ಲಿ ಮುಗಿಸಿತು. ಮಳೆನೆರಳಿನ ಬಗ್ಗೆ ನಮ್ಮಲ್ಲಿರುವ ವಾದಗಳೂ ಇದೇ ಜಾತಿಯವು. ಮೋಡ ಸಮುದ್ರದಲ್ಲೇ ಬರಿದಾಗುತ್ತದೆಯೋ, ಘಟ್ಟದಲ್ಲಿ ಬರಿದಾಗುತ್ತದೆಯೋ, ಬರಿದಾಗದೆ ಬಂದೂ ಇಲ್ಲಿ ಸುರಿಯುವುದಿಲ್ಲವೋ ಎಂಬುದನ್ನು ಒಳಹೊಕ್ಕು ಅಳೆದೇ ತೀರ್ಮಾನಿಸಬೇಕು.

ಭಾರತದಲ್ಲಿ ಇಂಥ ಅಳತೆಯ ಚರಿತ್ರೆ ನೋಡಿದರೆ ಒಂದು ವಿನ್ಯಾಸ ಎದ್ದು ಕಾಣುತ್ತದೆ. 1979ರ ಮೋನೆಕ್ಸ್ ಪ್ರಯೋಗದಲ್ಲಿ ಅಮೆರಿಕದ ವಿಮಾನಗಳು ಅರಬ್ಬಿ ಸಮುದ್ರದ ಮೇಲೂ ಬಂಗಾಳ ಕೊಲ್ಲಿಯ ಮೇಲೂ ಹಾರಿದವು. ಅಂದು ಸಿಕ್ಕ ಮಾಹಿತಿಯನ್ನು ದಶಕಗಳ ಕಾಲ ಜಗತ್ತು ಮೇಯ್ದಿದೆ. 1982ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೊದ್ದಂ ನರಸಿಂಹ ಅವರ ಮುಂದಾಳತ್ವದಲ್ಲಿ ವಾತಾವರಣ ವಿಜ್ಞಾನ ಕೇಂದ್ರ ಹುಟ್ಟಿತು. ಗಾಳಿಯ ಹರಿವನ್ನು ವಿಮಾನಗಳಿಗಾಗಿ ಓದಿದ್ದ ಎಂಜಿನಿಯರು ಅದೇ ಗಣಿತವನ್ನು ಮುಂಗಾರಿಗೆ ತಿರುಗಿಸಿದ್ದು ಕನ್ನಡನಾಡಿನ ವಿಜ್ಞಾನದ ದೊಡ್ಡ ಘಟನೆಗಳಲ್ಲೊಂದು ಎಂದು ನಾನು ಭಾವಿಸುತ್ತೇನೆ. ಸುಲೋಚನಾ ಗಾಡ್ಗೀಳ್, ಜೆ. ಶ್ರೀನಿವಾಸನ್, ಜಿ.ಎಸ್. ಭಟ್, ಎಸ್.ಕೆ. ಸತೀಶ್ ಅಂಥವರು ಆ ಕೇಂದ್ರವನ್ನು ಬೆಳೆಸಿದರು. 1990ರ ಮಾಂಟ್‌ಬ್ಲೆಕ್ಸ್ ಪ್ರಯೋಗದಲ್ಲಿ ಉತ್ತರ ಭಾರತದ ಬಯಲಿನಲ್ಲಿ ಗೋಪುರ ನಿಂತವು. 2006ರಲ್ಲಿ ಇಸ್ರೋ ನಡೆಸಿದ ಐಕಾರ್ಬ್ ಅಭಿಯಾನದಲ್ಲಿ ದೇಶದ್ದೇ ಸಣ್ಣ ವಿಮಾನ ಧೂಳು-ಹೊಗೆ ಅಳೆಯುವ ಲೇಸರ್ ಹೊತ್ತು ಹಾರಿತು. ಅದು ಅವಕೆಂಪಲ್ಲ, ಹಸಿರು ಬೆಳಕಿನ ಲಿಡಾರ್. 2009ರಿಂದ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ ಕೈಪೀಕ್ಸ್ ಯೋಜನೆಯಡಿ ಮೋಡಗಳೊಳಗೆ ವಿಮಾನ ಹಾರಿಸಿತು, ಬೆಂಗಳೂರೂ ಅದರ ತಂಗುದಾಣಗಳಲ್ಲೊಂದಾಗಿತ್ತು. 2018 ಮತ್ತು 2019ರಲ್ಲಿ ಕನ್ನಡಿಗರ ನೆಲೆಯೂ ಆದ ಸೊಲ್ಲಾಪುರದಲ್ಲಿ ಬೀಡುಬಿಟ್ಟು ನಮ್ಮದೇ ಮಳೆನೆರಳಿನ ಮೋಡಗಳನ್ನು ಪರೀಕ್ಷಿಸಿತು. ಪಟ್ಟಿ ಉದ್ದವಿದೆ, ಆದರೆ ಎಲ್ಲವೂ ಅಭಿಯಾನಗಳು. ಬಂದವು, ಅಳೆದವು, ಗಂಟುಮೂಟೆ ಕಟ್ಟಿದವು. ಗೋಪುರ ಇಳಿಸಿದರು, ಬಾಡಿಗೆ ವಿಮಾನ ಹಿಂದಿರುಗಿತು, ಉಪಕರಣ ಗೊತ್ತಿದ್ದ ಹುಡುಗರು ಬೇರೆ ಕೆಲಸಕ್ಕೆ ಹೋದರು. ಮುಂದಿನ ಅಭಿಯಾನ ಮತ್ತೆ ಒಂದರಿಂದ ಎಣಿಸಿತು.

2016ರ ಯೋಜನೆಯ ಹೆಸರು ಇನ್‌ಕಂಪಾಸ್. ಬ್ರಿಟನ್ನಿನ ಪರಿಸರ ಸಂಶೋಧನಾ ಮಂಡಳಿ ಮತ್ತು ಭಾರತದ ಭೂವಿಜ್ಞಾನ ಸಚಿವಾಲಯ ಸೇರಿ ಕೈಗೊಂಡ ಮೂರು ಮುಂಗಾರು ಯೋಜನೆಗಳಲ್ಲಿ ಇದು ಒಂದು. ರೆಡಿಂಗ್ ವಿಶ್ವವಿದ್ಯಾಲಯದ ಆಂಡ್ರ್ಯೂ ಟರ್ನರ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎಸ್. ಭಟ್ ಇದನ್ನು ಮುನ್ನಡೆಸಿದರು. ವಿಮಾನ ಬಿಎಇ-146, ನಾಲ್ಕು ಎಂಜಿನುಗಳ ಈ ಪ್ರಯಾಣಿಕ ವಿಮಾನದ ಒಳಗೆಲ್ಲ ಉಪಕರಣದ ಕಪಾಟುಗಳನ್ನು ಕೂರಿಸಿ ಹಾರುವ ಪ್ರಯೋಗಾಲಯ ಮಾಡಿದ್ದಾರೆ. ಅದರಲ್ಲಿ ಮೇಲೆ ಹೇಳಿದ ಬಗೆಯ ನೀರಾವಿಯ ಲೇಸರ್ ಮಾಪಕಗಳು ಎರಡಿವೆ, ಎರಡು ಬೇರೆ ಬಗೆಯ ಬಾಯಿಂದ ಗಾಳಿ ಸೆಳೆಯುತ್ತವೆ. ಎರಡನ್ನೂ ತಣ್ಣನೆಯ ಕನ್ನಡಿಯ ಜೊತೆ ಹೋಲಿಸಿ ಎಲ್ಲೆಲ್ಲಿ ಒಪ್ಪುತ್ತವೆ, ಎಲ್ಲಿ ತಪ್ಪುತ್ತವೆ ಎಂದು 2015ರಲ್ಲೇ ಪ್ರಕಟಿಸಿದ್ದರು. ಜೂನ್-ಜುಲೈನಲ್ಲಿ ಲಖನೌ ಮತ್ತು ಬೆಂಗಳೂರಿನಿಂದ ಒಟ್ಟು 100 ಗಂಟೆಗಳಿಗೆ ಹತ್ತಿರ ಹಾರಿ, ದಕ್ಷಿಣದಲ್ಲಿ ಅರಬ್ಬಿ ಸಮುದ್ರದಿಂದ ಘಟ್ಟ, ಘಟ್ಟದಿಂದ ಮಳೆನೆರಳು, ಅಲ್ಲಿಂದ ಬಂಗಾಳ ಕೊಲ್ಲಿಯವರೆಗೆ ಗಾಳಿಯ ಸೀಳುನೋಟ ತೆಗೆದರು. ಘಟ್ಟದ ಭಾಗದಲ್ಲಿ ಕಂಡದ್ದು ನಮಗೆ ನೇರವಾಗಿ ಸಂಬಂಧಿಸಿದ್ದು. ಸಮುದ್ರದ ಮೇಲಿನ ದೊಡ್ಡ ಮಳೆಗೆ ಮುಖ್ಯ ಕಾರಣ ಘಟ್ಟ ಗಾಳಿಯನ್ನು ತಡೆಯುವುದು ಎಂದು ಬಹಳ ಕಾಲ ನಂಬಲಾಗಿತ್ತು. ಆ ಅಳತೆಯಲ್ಲಿ ಆ ನಂಟು ದುರ್ಬಲವಾಗಿ ಕಂಡಿತು. ಮಳೆಗೆ ಗಟ್ಟಿ ನಂಟಿದ್ದದ್ದು ಆಕಾಶದ ನಡುಮಟ್ಟದ ತೇವಕ್ಕೆ. ಅಭಿಯಾನದ ಎರಡನೆಯ ಅರ್ಧದಲ್ಲಿ ಆ ನಡುಮಟ್ಟಕ್ಕೆ ಒಣಗಾಳಿ ನುಗ್ಗಿತು. ಸಮುದ್ರದ ಮೇಲೆ ಎತ್ತರದ ಮೋಡಗಳು ಏಳದಾದವು. ಅಲ್ಲಿ ಸುರಿಯಬೇಕಿದ್ದ ತೇವ ಕೆಳಮಟ್ಟದಲ್ಲಿ ಕೂಡಿಕೊಳ್ಳುತ್ತ ದಡಕ್ಕೆ ಬಂದು ಘಟ್ಟದ ಮೇಲೆ ಮಳೆ ಹೆಚ್ಚಿಸಿತು. ಘಟ್ಟದ ಈಚೆಗೆ, ಅಂದರೆ ನಮ್ಮ ಬದಿಗೆ, ಮಳೆ ಬಂದದ್ದು ಆ ದಿನಗಳಲ್ಲೇ. ಅದೂ ಪಶ್ಚಿಮದ ಗಾಳಿಯ ಜೋರಿನಿಂದಲ್ಲ, ಪೂರ್ವದಿಂದ ಇಳಿಜಾರು ಹತ್ತಿಬಂದ ಸ್ಥಳೀಯ ಗಾಳಿಯ ಜೊತೆಗೆ. ಮುಂಗಾರಿ ಮಳೆಯನ್ನು ಪಶ್ಚಿಮಕ್ಕೆ ಮುಖಮಾಡಿ ಕಾಯುವ ಧಾರವಾಡದ ರೈತನಿಗೆ ಇದು ಹೊಸ ಮಾತು. ಇಂಥ ಮಾತು ಹೇಳಬೇಕಾದರೆ ಮೂರು-ನಾಲ್ಕು ಕಿಲೋಮೀಟರ್ ಎತ್ತರದ ಒಣಪದರ ಎಲ್ಲಿ ಶುರು, ಎಲ್ಲಿ ಕೊನೆ ಎಂದು ಗುರುತಿಸಬೇಕು. ಹಾರುವ ವೇಗದಲ್ಲಿ ಓದುವ ಮಾಪಕಗಳು ಇಲ್ಲದಿದ್ದರೆ ಆ ಅಂಚುಗಳು ಮಸುಕಾಗಿಯೇ ಉಳಿಯುತ್ತಿದ್ದವು.

ಇನ್ನು ಧಾರವಾಡದ ಹೊಲದ ಮಾತು. ಇನ್‌ಕಂಪಾಸ್ ನೆಲದ ಮೇಲೆ ನಿಲ್ಲಿಸಿದ ಮಾಪನ ಕೇಂದ್ರಗಳು ಗುಂಡ್ಲುಪೇಟೆ ತಾಲೂಕಿನ ಬೇರಂಬಾಡಿಯಲ್ಲಿ, ಕಾನ್ಪುರದ ಐಐಟಿಯಲ್ಲಿ ಮತ್ತು ನಮ್ಮ ಕೃಷಿ ವಿಶ್ವವಿದ್ಯಾಲಯದಲ್ಲಿ. 1947ರ ಕೃಷಿ ಕಾಲೇಜು 1986ರಲ್ಲಿ ವಿಶ್ವವಿದ್ಯಾಲಯವಾದ ಆ ಎತ್ತಿನಗುಡ್ಡದ ನೆಲದಲ್ಲಿ ಕಂಬವೊಂದಕ್ಕೆ ಎರಡು ಉಪಕರಣ ಅಕ್ಕಪಕ್ಕ ಕಟ್ಟಿದ್ದರು. ಒಂದು, ಶಬ್ದದಿಂದ ಗಾಳಿಯ ಏರಿಳಿತ ಅಳೆಯುವುದು. ಇನ್ನೊಂದು, ಅವಕೆಂಪು ಬೆಳಕಿನಿಂದ ಅದೇ ಗಾಳಿಯ ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಅಳೆಯುವುದು. ಇದರ ಬೆಳಕು ಲೇಸರಿನದಲ್ಲ, ದೀಪದ್ದು, ಆದರೆ ಹೀರಿಕೆಯ ತತ್ವ ಒಂದೇ. ಸೆಕೆಂಡಿಗೆ ಹತ್ತಿಪ್ಪತ್ತು ಸಲ ಎರಡನ್ನೂ ಓದಿ ಗುಣಿಸಿದರೆ ಹೊಲ ಆಕಾಶಕ್ಕೆ ಎಷ್ಟು ನೀರು ಬಿಟ್ಟಿತು ಎಂಬ ಲೆಕ್ಕ ಅರ್ಧರ್ಧ ಗಂಟೆಗೆ ಸಿಗುತ್ತದೆ. ಎರೆ ಭೂಮಿಗೆ ಮಳೆ ಬಿದ್ದ ಮರುದಿನ ಎಷ್ಟು ತೇವ ಏರುತ್ತದೆ, ಬೆಳೆ ನೆಲ ಮುಚ್ಚಿದ ಮೇಲೆ ಎಷ್ಟು, ಹಿಂಗಾರಿನಲ್ಲಿ ಬಿರುಕು ಬಿಟ್ಟಾಗ ಎಷ್ಟು ಎಂಬುದು ಅಂದಾಜಲ್ಲದೆ ಅಳತೆಯಾಗಿ ನಮಗೆ ಬಂದದ್ದು ಹೀಗೆ. 2016 ಮತ್ತು 2017ರ ಆ ಅಂಕಿಗಳು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಸಾರ್ವಜನಿಕವಾಗಿವೆ. ಪೂರ್ವದಿಂದ ಏರಿ ಬಂದ ಸ್ಥಳೀಯ ಗಾಳಿ ನಮ್ಮ ಬದಿಗೆ ಮಳೆ ತಂದಿತು ಎಂದಾಗ, ಆ ಗಾಳಿ ಹಾದುಬರುವ ಹೊಲಗಳ ತೇವ ಎಷ್ಟು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಮೇಲೆ ಹಾರುವ ಲೇಸರೂ ಕೆಳಗಿನ ಕಂಬವೂ ಒಂದಿಲ್ಲದೆ ಇನ್ನೊಂದು ಅರ್ಧ ಎಂಬುದು ಇಲ್ಲೇ ತಿಳಿಯುವುದು.

ಇದಕ್ಕೆಲ್ಲ ಉಪಗ್ರಹ ಇದೆಯಲ್ಲ ಎಂಬುದು ಮೊದಲ ಆಕ್ಷೇಪ, ಹಗುರಾದದ್ದಲ್ಲ. 2013ರಲ್ಲಿ ಹಾರಿದ ಇನ್ಸಾಟ್-3ಡಿಯಲ್ಲಿ ಅವಕೆಂಪು ಪಟ್ಟಿಗಳಲ್ಲಿ ತೇವ ಓದುವ ಉಪಕರಣವಿತ್ತು. 2011ರ ಮೇಘಾ-ಟ್ರಾಪಿಕ್ಸ್‌ನಲ್ಲಿ ಮೈಕ್ರೋವೇವ್ ಉಪಕರಣ. ದೇಶದ ಮುನ್ಸೂಚನೆಗೆ ಇಂಥವುಗಳಿಂದ ಆದ ಉಪಕಾರ ದೊಡ್ಡದು, ಯಾವ ವಿಮಾನವೂ ಅಷ್ಟು ಆಕಾಶವನ್ನು ಸುತ್ತಲಾರದು. ಆದರೆ ಅವಕೆಂಪು ಮೋಡದ ಮೇಲ್ಭಾಗವನ್ನು ಮಾತ್ರ ನೋಡುತ್ತದೆ, ಒಳಹೋಗುವುದಿಲ್ಲ. ನಮಗೆ ಬೇಕಾದ ದಿನಗಳೋ ಮೋಡ ಕವಿದ ದಿನಗಳೇ. ಮೈಕ್ರೋವೇವ್ ಮೋಡ ದಾಟುತ್ತದೆ, ಆದರೆ ಕಿಲೋಮೀಟರುಗಟ್ಟಲೆ ದಪ್ಪದ ಪದರಗಳನ್ನು ಒಂದಾಗಿ ಓದುತ್ತದೆ. ಒಂದು ಚುಕ್ಕಿಯ ಅಗಲವೇ ಹತ್ತು ಕಿಲೋಮೀಟರ್. ಖಾನಾಪುರದ ಮಳೆಗೂ ಕಿತ್ತೂರಿನ ಮಳೆಗೂ ಇರುವ ಅಂತರ ಅಂಥ ಮೂರ್ನಾಲ್ಕು ಚುಕ್ಕಿಗಳಲ್ಲಿ ಮುಗಿದುಹೋಗುತ್ತದೆ. ಹವಾ ಬಲೂನುಗಳು ಮಂಗಳೂರು, ಪಣಜಿ, ಬೆಂಗಳೂರುಗಳಿಂದ ನಿಗದಿತ ಹೊತ್ತಿಗೆ ಏರುತ್ತವೆ, ಗಾಳಿ ಕರೆದೊಯ್ದ ಕಡೆ ಹೋಗುತ್ತವೆ. ಘಟ್ಟವನ್ನು ಅಡ್ಡಕ್ಕೆ ಸೀಳಿ ನೋಡು ಎಂದು ಅವಕ್ಕೆ ಹೇಳಲಾಗದು. ಉಪಗ್ರಹ ಓದಿದ್ದು ಸರಿಯೇ ಎಂದು ಒರೆಹಚ್ಚಲೂ ಯಾರಾದರೂ ಅಲ್ಲಿಗೇ ಹೋಗಿ ಅಳೆಯಲೇಬೇಕು. ಅಳೆಯದೆ ಬಿಟ್ಟರೆ ಉಪಗ್ರಹದ ತಪ್ಪು ವರ್ಷದಿಂದ ವರ್ಷಕ್ಕೆ ಸರಿಯ ವೇಷದಲ್ಲೇ ಮುಂದುವರಿಯುತ್ತದೆ.

ಒಂದು ವರ್ಷದ ಎರಡು ತಿಂಗಳ ಹಾರಾಟದಿಂದ ಮುಂಗಾರಿನ ಬಗ್ಗೆ ಏನು ಹೇಳಬಹುದು ಎಂಬ ಎರಡನೆಯ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ, ಅದು ನನ್ನ ವಾದದ ಬೆನ್ನೆಲುಬೇ ಆಗಿದೆ. 2016ರಲ್ಲಿ ಕಂಡ ಒಣಗಾಳಿಯ ನುಗ್ಗಾಟ ಪ್ರತಿ ವರ್ಷ ಆಗುತ್ತದೆಯೇ, ಬರದ ವರ್ಷದಲ್ಲಿ ಬೇರೆಯೇ, ಸಮುದ್ರ ಕಾದಂತೆ ಬದಲಾಗುತ್ತಿದೆಯೇ ಎಂದು ಒಂದು ಋತು ಹೇಳಲಾರದು. ಆ ವರ್ಷ ಹಿಂಗಾರು ಕೈಕೊಟ್ಟು ರಾಜ್ಯದ ಬಹುಭಾಗ ಬರಕ್ಕೆ ತುತ್ತಾಯಿತು. ಬರದ ವರ್ಷದ ಚಿತ್ರವನ್ನು ಎಲ್ಲ ವರ್ಷಕ್ಕೂ ಹೊಂದಿಸಿದರೆ ತಪ್ಪಾದೀತು. ಹಾಗಿದ್ದರೆ ಮದ್ದು ಇನ್ನಷ್ಟು ಅಳೆಯುವುದೇ ಹೊರತು ಅಳೆಯುವುದನ್ನು ಬಿಡುವುದಲ್ಲ. ಪರದೇಶದ ವಿಮಾನ ನಮ್ಮ ಆಕಾಶ ಅಳೆದು ಮಾಹಿತಿ ಹೊತ್ತೊಯ್ದಿತು ಎಂಬ ಮಾತೂ ಕೇಳಿಬರುತ್ತದೆ. ಮಾಹಿತಿ ಎಲ್ಲರಿಗೂ ತೆರೆದಿದೆ, ಪ್ರಬಂಧಗಳಲ್ಲಿ ಭಾರತೀಯರ ಹೆಸರೂ ಇವೆ, ಹಾಗಾಗಿ ದೂರು ಆ ರೂಪದಲ್ಲಿ ನಿಲ್ಲುವುದಿಲ್ಲ. ವಿಮಾನದ ಜೊತೆ ಹೊರಟುಹೋಗುವುದು ಕೈಚಳಕ: ಕೊಳವೆಯ ಒಳಗೋಡೆಗೆ ಅಂಟಿದ ತೇವ ಅಳತೆಯನ್ನು ಹೇಗೆ ಕೆಡಿಸುತ್ತದೆ, ಬಾಯಿ ಎಲ್ಲಿಟ್ಟರೆ ಮೋಡದ ಹನಿ ಒಳಬರುವುದಿಲ್ಲ, ನಡುಕಕ್ಕೆ ಕನ್ನಡಿ ಅಲುಗಿದರೆ ಹೇಗೆ ತಿಳಿಯುತ್ತದೆ ಎಂಬಂಥ ತಿಳಿವಳಿಕೆ. ಇದು ಪ್ರಬಂಧದಲ್ಲಿ ಇರುವುದಿಲ್ಲ, ಉಪಕರಣದ ಜೊತೆ ವರ್ಷಗಟ್ಟಲೆ ಇದ್ದವರ ಕೈಯಲ್ಲಿ ಇರುತ್ತದೆ.

ಮೂರನೆಯ ಆಕ್ಷೇಪ ದುಡ್ಡಿನದು. ಕೆರೆಯ ಹೂಳೆತ್ತಲು ಹಣವಿಲ್ಲದ ಊರಿನಲ್ಲಿ ಆಕಾಶ ಅಳೆಯುವ ಖರ್ಚೇಕೆ? ಇದಕ್ಕೆ ನಮ್ಮ ರಾಜ್ಯದ ಚರಿತ್ರೆಯೇ ಉತ್ತರ ಕೊಡುತ್ತದೆ. 2003ರಲ್ಲಿ ವರುಣ ಹೆಸರಿನಲ್ಲಿ, 2017ರಲ್ಲಿ ವರ್ಷಧಾರೆ ಹೆಸರಿನಲ್ಲಿ ಸರ್ಕಾರ ವಿಮಾನ ತರಿಸಿ ಮೋಡ ಬಿತ್ತನೆ ಮಾಡಿಸಿತು. ಬರದಲ್ಲಿ ಜನ ಕೈಚಾಚಿದಾಗ ಯಾವ ಸರ್ಕಾರವೂ ಸುಮ್ಮನಿರಲಾರದು, ಆ ಒತ್ತಡ ನನಗೆ ಅರ್ಥವಾಗುತ್ತದೆ. ಆದರೆ ಮೋಡ ಬಿತ್ತನೆ ಫಲಿಸಿತೇ ಎಂದು ಹೇಳಲು ಬಿತ್ತಿದ ಮೋಡವನ್ನೂ ಬಿತ್ತದ ಮೋಡವನ್ನೂ ಹೋಲಿಸಬೇಕು. ಸೊಲ್ಲಾಪುರದ ಪ್ರಯೋಗದಲ್ಲಿ 276 ಮೋಡಗಳನ್ನು ಆಯ್ದು ಹಾಗೆ ಹೋಲಿಸಿದ್ದರಿಂದಲೇ, ಗಾಳಿ ಸಾಗುವ ದಿಕ್ಕಿನ 100 ಚದರ ಕಿ.ಮೀ. ಪ್ರದೇಶದಲ್ಲಿ ಸುಮಾರು ನೂರಕ್ಕೆ 18ರಷ್ಟು ಮಳೆ ಹೆಚ್ಚಿತು ಎಂದು 2023ರಲ್ಲಿ ಹೇಳಲು ಪುಣೆಯ ಸಂಸ್ಥೆಗೆ ಸಾಧ್ಯವಾಯಿತು. ತಕ್ಕ ಮೋಡವನ್ನು ಆಯ್ದುಕೊಂಡರೆ ಮಾತ್ರ ಎಂಬ ಷರತ್ತಿನೊಡನೆ. ವಿಮಾನ ಹಾರಿಸುವ ಖರ್ಚನ್ನು ನಾವು ಹೇಗೂ ಮಾಡುತ್ತಿದ್ದೇವೆ. ಅದೇ ರೆಕ್ಕೆಗೆ ಅಳೆಯುವ ಉಪಕರಣ ಕಟ್ಟುವ ಹೆಚ್ಚುವರಿ ಖರ್ಚು ಅದರ ಸಣ್ಣ ಪಾಲು.

ಈಗ ಬೇಲೂರಿನ ಈ ರಸ್ತೆಗೆ ಬರುತ್ತೇನೆ. ಇಲ್ಲಿಯ ಐಐಟಿಗೂ ಇನ್‌ಕಂಪಾಸಿಗೂ ಅಂದು ನಂಟಿರಲಿಲ್ಲ. ಅದು ಆಗಷ್ಟೇ ಕಣ್ಣುಬಿಟ್ಟ ಕೂಸು, ಮುಂಬಯಿಯ ಐಐಟಿಯ ಆಸರೆಯಲ್ಲಿ ಬೆಳೆಯುತ್ತಿತ್ತು. 2023ರ ಮಾರ್ಚ್ 12ರಂದು ಚಿಕ್ಕಮಲ್ಲಿಗವಾಡದ ಸ್ವಂತ ಆವರಣದ ಉದ್ಘಾಟನೆಯಾಯಿತು. ವಾಲ್ಮಿ ಇಲ್ಲೇ ಉಳಿದು ನೀರಾವರಿಯ ಎಂಜಿನಿಯರುಗಳಿಗೂ ರೈತರಿಗೂ ನೀರಿನ ಲೆಕ್ಕ ಕಲಿಸುತ್ತಿದೆ, ಆದರೆ ಆ ಲೆಕ್ಕ ನೆಲಕ್ಕೆ ಬಿದ್ದ ನೀರಿನಿಂದ ಶುರುವಾಗುತ್ತದೆ. ಸುತ್ತಲಿನ ಕೈಗಾರಿಕಾ ನಿವೇಶನಗಳಲ್ಲಿ, ಮುಮ್ಮಿಗಟ್ಟಿಯ ಕಡೆಯ ಬಸ್ಸು ಕಟ್ಟುವ ಕಾರ್ಖಾನೆಯಿಂದ ಹಿಡಿದು ಸಣ್ಣ ವರ್ಕ್‌ಶಾಪುಗಳವರೆಗೆ, ತಗಡು, ಲೇತು, ವೆಲ್ಡಿಂಗು, ವೈರಿಂಗು ಬಲ್ಲ ಕೈಗಳಿವೆ. ಇಂದು ತಗಡು ಕತ್ತರಿಸುವ ಫೈಬರ್ ಲೇಸರಿನ ಬೆಳಕೂ 1.07 ಮೈಕ್ರಾನಿನ ಅವಕೆಂಪೇ. ಕಾಣದ ಬೆಳಕಿನೊಡನೆ ಜಾಗ್ರತೆಯಿಂದ ಕೆಲಸ ಮಾಡುವುದು ಆ ಆಪರೇಟರುಗಳಿಗೆ ಅಭ್ಯಾಸ. ಲೇಸರ್ ಮಾಪಕ ಎಷ್ಟೇ ಸೂಕ್ಷ್ಮವಾದರೂ ತಾನಾಗಿ ನಂಬಿಕೆಗೆ ಅರ್ಹವಲ್ಲ. ಗೊತ್ತಿರುವ ತೇವದ ಗಾಳಿಯನ್ನು ಗೊತ್ತಿರುವ ಒತ್ತಡದಲ್ಲಿ ಹಾಯಿಸಿ ಋತುವಿಗೊಮ್ಮೆ ಒರೆಹಚ್ಚಬೇಕು. ಅದಕ್ಕೆ ಬೇಕಾದದ್ದು ಒಂದು ಗಟ್ಟಿ ಉಕ್ಕಿನ ಪೆಟ್ಟಿಗೆ, ನಿರ್ವಾತ ಪಂಪು, ನಂಬಿಕಸ್ಥ ಕನ್ನಡಿ ಮಾಪಕ, ಸ್ಥಿರ ಉಷ್ಣಾಂಶದ ಕೊಠಡಿ ಮತ್ತು ಹತ್ತು ವರ್ಷ ಕೆಲಸ ಬಿಟ್ಟುಹೋಗದ ಇಬ್ಬರು ತಂತ್ರಜ್ಞರು. ಕೊನೆಯದೇ ಎಲ್ಲಕ್ಕಿಂತ ದುರ್ಲಭ, ಹುದ್ದೆ ಮಂಜೂರಾಗಬೇಕಾದದ್ದು ಅದಕ್ಕೇ.

ಹಾರಲು ಸ್ವಂತ ವಿಮಾನವೇ ಬೇಕೆಂದು ಕಾಯಬೇಕಿಲ್ಲ. 1.37 ಮೈಕ್ರಾನಿನ ನೀರಾವಿ ಮಾಪಕವನ್ನು ಅಮೆರಿಕದಲ್ಲಿ ಸರಕು ಮತ್ತು ಪ್ರಯಾಣಿಕ ವಿಮಾನಗಳಿಗೆ, ಜರ್ಮನಿಯಲ್ಲಿ ಲುಫ್ತಾನ್ಸಾದ ಕೆಲವು ವಿಮಾನಗಳಿಗೆ ಕೂರಿಸಿ ದಿನವೂ ಏರುವಾಗ ಇಳಿಯುವಾಗ ಅಳೆದ ಉದಾಹರಣೆ ಇದೆ. ಹುಬ್ಬಳ್ಳಿಗೆ ದಿನವೂ ಬಂದುಹೋಗುವ ಪ್ರಯಾಣಿಕ ವಿಮಾನಗಳಲ್ಲಿ ಒಂದಕ್ಕೆ ಇಂಥದೊಂದನ್ನು ಕಟ್ಟಿದರೆ ಪ್ರತಿ ಹತ್ತುವಿಕೆ, ಪ್ರತಿ ಇಳಿಯುವಿಕೆಯಲ್ಲಿ ಮಳೆನೆರಳಿನ ಅಂಚಿನ ಮೇಲೆ ತೇವದ ಲಂಬ ಚಿತ್ರವೊಂದು ಸಿಗುತ್ತದೆ. ಅಭಿಯಾನದ ವಿಮಾನದ ಹಾಗೆ ಘಟ್ಟವನ್ನು ಬೇಕೆಂದಲ್ಲಿ ಸೀಳಲಾಗದು, ಬಿರುಗಾಳಿಯ ದಿನ ಪೈಲಟ್ ಮೋಡ ತಪ್ಪಿಸಿ ಹೋಗುತ್ತಾನೆ, ಹಾಗಾಗಿ ಇದು ಸಂಶೋಧನಾ ವಿಮಾನಕ್ಕೆ ಬದಲಿಯಲ್ಲ. ಆದರೆ ನಡುಮಟ್ಟದ ಒಣಗಾಳಿ ಬಂದಿತೇ ಹೋಯಿತೇ ಎಂದು ಮಿರಗದಿಂದ ಸ್ವಾತಿಯವರೆಗೆ, ಹತ್ತು ಮಳೆಗಾಲ ಬಿಡದೆ ನೋಡುವ ದಾರಿ ಇದೇ. ಕೆಳಗೆ ಕೃಷಿ ವಿಶ್ವವಿದ್ಯಾಲಯದ ಹೊಲದಲ್ಲಿ ಕಂಬ ಓಡುತ್ತಿರಬೇಕು, ಮೇಲಿನ ಅಂಕಿ ಕೆಳಗಿನ ಅಂಕಿ ಎರಡನ್ನೂ ಐಐಟಿಯ ಹುಡುಗರು ಕೂಡಿಸಿ ನೋಡಬೇಕು, ವಾಲ್ಮಿ ಅದನ್ನು ಬಿತ್ತನೆಯ, ಕಾಲುವೆಯ ಭಾಷೆಗೆ ತರಬೇಕು. ವಿಮಾನದ ಮೈಗೆ ಒಂದು ತೂತು ಕೊರೆಯಲೂ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಒಪ್ಪಿಗೆ ಬೇಕು, ಪ್ರತಿ ಮಾದರಿಯ ವಿಮಾನಕ್ಕೂ ಬೇರೆ ಕಾಗದ, ಬೇರೆ ಪರೀಕ್ಷೆ. ಉಪಕರಣ ಕೊಳ್ಳುವುದಕ್ಕಿಂತ ಹೆಚ್ಚು ಕಾಲ ಹಿಡಿಯುವುದು ಆ ಅನುಮತಿಯೇ. ಆದ್ದರಿಂದ ಟೆಂಡರಿಗೂ ಕಟ್ಟಡಕ್ಕೂ ಮುಂಚೆ, ಹವಾಮಾನ ಇಲಾಖೆಯೊಡನೆ ಸೇರಿ ಮೂರೂ ಸಂಸ್ಥೆಗಳು ಮೊದಲು ಬರೆಯಬೇಕಾದದ್ದು ಆ ಅರ್ಜಿಯನ್ನು.